ಬಿಡ್ತು ಅನ್ನದೆ ಹೊರಟ ಬೆಳಗ್ಗೆ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ನಾನು ಒಬ್ಬನಿಗೆ ಬೈದರೆ ಪಕ್ಕದ ಎರಡು ಕ್ಲಾಸುಗಳು ತಾವಾಗಿಯೇ ತೆಪ್ಪಗಾಗುತ್ತಿದ್ದವು. ನಿವೃತ್ತಿಯಾದ ಮೇಲೆ ಬೈಸಿಕೊಳ್ಳಲು ಉಳಿದವರು ಇಬ್ಬರೇ, ಗಂಡ ಮತ್ತು ಬೆಕ್ಕು. ಗಂಡನ ಕಿವಿ ಲೇತ್ ಮೆಷಿನ್ನಿನ ಸದ್ದಿಗೆ ಎಂದೋ ಮಂದವಾಗಿದೆ. ಹಾಗಾಗಿ ಬೈಗುಳವೆಲ್ಲ ಬೆಕ್ಕಿನ ಪಾಲಿಗೇ ಬರುತ್ತಿತ್ತು.

ಬೂದು ಬಣ್ಣದ, ಸಣಕಲು ಹೆಣ್ಣು ಬೆಕ್ಕು. ಹೆಸರಿಟ್ಟಿರಲಿಲ್ಲ, ‘ಏಯ್’ ಅಂದರೆ ಬರುತ್ತಿತ್ತು. ನಾನು ಕಾಫಿ ಕುಡಿಯಲು ಕೂತರೆ ಪಾದದ ಮೇಲೆ ಬಂದು ಮಲಗಿಬಿಡುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ಅಲ್ಲಾಡುತ್ತಿರಲಿಲ್ಲ. ಅಷ್ಟು ಪ್ರೀತಿ. ಇದ್ದು ಏನು ಬಂತು, ಬಾಯಿ ಕೇಳಬೇಕಲ್ಲ!

ಅವತ್ತು ಆಯುಧಪೂಜೆ. ಮಾಚೇನಹಳ್ಳಿಯಲ್ಲಿ ಗಂಡನದೊಂದು ಪುಟ್ಟ ವರ್ಕ್‌ಶಾಪ್ ಇದೆ. ಮೆಷಿನ್ ತೊಳೆದು ವಿಭೂತಿ ಬಳಿಯಬೇಕೆಂದು ಅವರು ಬೈಕಿನಲ್ಲಿ ಮೊದಲೇ ಹೋಗಿದ್ದರು. ನಾನು ಮನೆಯಲ್ಲೇ ಕಾರಿನ ಪೂಜೆ ಮುಗಿಸಿ, ಹಾರ, ಪ್ರಸಾದ ಹಿಡಿದುಕೊಂಡು ಹಿಂದೆ ಬರುವುದೆಂದು ಮಾತಾಗಿತ್ತು. ಒಂಬತ್ತಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಗೇಟು ದಾಟಿಬಿಡಬೇಕು.

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಊದುಬತ್ತಿ, ನೀರಿನ ಚೊಂಬು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಲೇತಿಗೆಂದು ತಂದ ದೊಡ್ಡ ಸೇವಂತಿಗೆ ಹಾರದೊಳಗೆ ಬೆಕ್ಕು ಅಂಗಾತ ಬಿದ್ದು ನಾಲ್ಕೂ ಕಾಲಿನಲ್ಲಿ ಕುಸ್ತಿ ಮಾಡುತ್ತಿತ್ತು. ಹಾರ ಎರಡು ತುಂಡು. ಕಲೆಸಿಟ್ಟ ಕುಂಕುಮದ ಬಟ್ಟಲು ಬೋರಲು.

“ದರಿದ್ರದ್ದೇ! ಇವತ್ತೇ ಬೇಕಿತ್ತಾ ನಿಂಗೆ? ಹೋಗು, ಅದೇ ಚಕ್ರದಡಿ ಬಿದ್ದು ಸಾಯಿ!” ಎಂದು ಕಿರುಚಿ, ಕೈಯಲ್ಲಿದ್ದ ಚೊಂಬನ್ನು ನೆಲಕ್ಕೆ ಕುಕ್ಕಿದೆ. ಆ ಸದ್ದಿಗೆ ಬೆಕ್ಕು ಹಾರದ ಅರ್ಧ ತುಂಡನ್ನು ಕಾಲಿಗೆ ಸಿಕ್ಕಿಸಿಕೊಂಡೇ ಕಾರಿನಡಿಗೆ ನುಗ್ಗಿತು.

ಅಮ್ಮ ಇದ್ದಿದ್ದರೆ “ಬಿಡ್ತು ಅನ್ನೇ!” ಎಂದು ಗದರುತ್ತಿದ್ದಳು. ಅಸ್ತು ದೇವತೆಗಳು ತಲೆ ಮೇಲೇ ಓಡಾಡುತ್ತಿರುತ್ತಾರೆ, ಕೆಟ್ಟ ಮಾತು ಕಿವಿಗೆ ಬಿದ್ದರೆ ‘ಅಸ್ತು’ ಎಂದುಬಿಡುತ್ತಾರೆ, ಅದಕ್ಕೆ ಮೊದಲೇ ‘ಬಿಡ್ತು’ ಎಂದು ಆಡಿದ್ದನ್ನು ವಾಪಸ್ ತಗೋಬೇಕು ಎಂದು ಹೇಳಿ ಹೇಳಿಯೇ ಬೆಳೆಸಿದವಳು. ಅವತ್ತು ನಾನು ಬಿಡ್ತು ಅನ್ನಲಿಲ್ಲ, ಕಾರಿನಡಿ ಬಗ್ಗಿಯೂ ನೋಡಲಿಲ್ಲ. ಗಡಿಯಾರ ನೋಡಿದೆ. ಒಂಬತ್ತಕ್ಕೆ ಎಂಟು ನಿಮಿಷ ಇತ್ತು.

ಕಾರು ಮುಂದಕ್ಕೆ ತಗೊಂಡೆ. ಮೂರು ನಿಂಬೆಹಣ್ಣು ಪಟಪಟನೆ ಒಡೆದವು. ಹಿಂದಿನ ಎಡಗಡೆಯದು ಮಾತ್ರ ಒಡೆಯಲಿಲ್ಲ. ಅಲ್ಲಿ ಏನೋ ಮೆತ್ತಗೆ ಅಮುಕಿದಂತಾಯಿತು. ನನ್ನ ಕಾಲು ಬ್ರೇಕಿನ ಮೇಲೇ ಗಟ್ಟಿಯಾಗಿಬಿಟ್ಟಿತು. ಕನ್ನಡಿಯಲ್ಲಿ ನೋಡಲು ಧೈರ್ಯ ಸಾಲಲಿಲ್ಲ. ನಾನಾಡಿದ ಮಾತು ನನ್ನ ಕಿವಿಯಲ್ಲೇ ಮತ್ತೆ ಮತ್ತೆ ಮೊಳಗುತ್ತಿತ್ತು.

ಇಳಿದೆ. ಚಕ್ರದಡಿಯಲ್ಲಿ ಕೆಂಪಾಗಿ ಏನೋ ಮುದ್ದೆಯಾಗಿತ್ತು. ಕಾರು ಹಿಡಿದುಕೊಂಡೇ ಬಗ್ಗಿದೆ. ಹಾರ. ಕುಂಕುಮದಲ್ಲಿ ನೆಂದ ಆ ಅರ್ಧ ಹಾರ ಅದು. ಉಸಿರು ಬಂತು, ಆದರೆ ಬೆಕ್ಕು ಎಲ್ಲಿ? “ಏಯ್” ಅಂದೆ. “ಏಯ್, ಬಾರೇ” ಅಂದೆ. ಕಾಂಪೌಂಡಿನ ಮೂಲೆ, ನೀರಿನ ತೊಟ್ಟಿಯ ಹಿಂದೆ, ಎಲ್ಲ ಕಡೆ ನೋಡಿದೆ. ಹೆದರಿ ಪಕ್ಕದ ಮನೆಗೆ ಹಾರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಗಂಡನ ಫೋನು. “ಹೊರಟ್ಯಾ ಮಾರಾಯ್ತಿ? ಎಲ್ಲಾ ಕಾಯ್ತಿದೀವಿ.” ಹೊರಟುಬಿಟ್ಟೆ.

ದಾರಿಯುದ್ದಕ್ಕೂ ಭಯ. ಯಾರೋ ಗ್ಯಾರೇಜಿನ ಮುಂದೆ ಬೂದುಗುಂಬಳಕಾಯಿ ಒಡೆದಿದ್ದರು. ಟಾರಿನ ಮೇಲೆ ಚೆಲ್ಲಿದ್ದ ಕುಂಕುಮ ಕಂಡು ಕಾರನ್ನು ಸುತ್ತು ಹಾಕಿಸಿ ಮುಂದೆ ಹೋದೆ. ವಾಪಸ್ ಹೋದಾಗ ಮೆಟ್ಟಿಲ ಮೇಲೆ ಕೂತಿರುತ್ತೆ ಅಂತ ಹತ್ತು ಸಲ ಅಂದುಕೊಂಡೆ.

ಲೇತಿಗೆ ಬೇರೆ ಹಾರ ಬೇಕಲ್ಲ, ಮಾಚೇನಹಳ್ಳಿ ಹತ್ತಿರ ರಸ್ತೆ ಬದಿಯಲ್ಲಿ ಹೂವು ಮಾರುತ್ತಿದ್ದ ಹೆಂಗಸಿನ ಮುಂದೆ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದ್ದೇ ತಡ, ‘ಮಿಯಾಂವ್’ ಎಂದು ತೀರಾ ಸಣ್ಣದೊಂದು ದನಿ. ಬಂದದ್ದು ಬಾನೆಟ್ಟಿನ ಒಳಗಿನಿಂದ.

ಕಾರಿನಡಿಯಿಂದ ಹತ್ತಿ ಎಂಜಿನ್ ಸಂದಿಯಲ್ಲಿ ಅಡಗಿ ಕೂತಿದೆ! ಒಳಗೆ ಬೆಲ್ಟು, ಫ್ಯಾನು, ಬೆಂಕಿಯಂಥ ಕಾವು. ಅಷ್ಟೂ ದೂರ ನಾನು ಅದನ್ನು ಅದರಲ್ಲೇ ಕೂರಿಸಿಕೊಂಡು ಓಡಿಸಿದ್ದೆ. ವೈಪರ್‌ಗೆ ನೀರು ಹಾಕಲು ಗಂಡ ಕಲಿಸಿಕೊಟ್ಟಿದ್ದರಿಂದ ಬಾನೆಟ್ ತೆಗೆಯುವುದು ಗೊತ್ತಿತ್ತು. ಆದರೂ ಕೊಕ್ಕೆ ಮೂರು ಸಲ ಕೈ ಜಾರಿತು.

ಬ್ಯಾಟರಿಯ ಪಕ್ಕದ ಸಂದಿಯಲ್ಲಿ ಎರಡು ಕಣ್ಣು. ಬಾಲದ ತುದಿ ಕಾವಿಗೆ ಸೀದಿತ್ತು. ಬದುಕಿತ್ತು, ದೇವರೇ, ಬದುಕಿತ್ತು!

“ಬಿಡ್ತು, ಬಿಡ್ತು! ಬಾರೇ ನನ್ನವ್ವ, ಬಾ,” ಎನ್ನುತ್ತ ಕೈ ಚಾಚಿದೆ. ಅದು ಹಿಂದೆ ಸರಿಯಿತು. ನಾನು ಇನ್ನೂ ಬಗ್ಗಿದೆ, ಇನ್ನೂ ಕರೆದೆ. ನನ್ನ ದನಿ ಕೇಳಿದಷ್ಟೂ ಅದು ಫ್ಯಾನಿನ ಕಡೆ, ಬಿಸಿ ಕಬ್ಬಿಣದ ಕಡೆ ಒತ್ತಿಕೊಳ್ಳುತ್ತಿತ್ತು. ಸುಟ್ಟರೂ ಸರಿ, ನನ್ನ ಕೈಗೆ ಬರುವುದಿಲ್ಲ ಅಂತ.

ಹೂವಿನವಳು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. “ಅಕ್ಕಾ, ನೀವು ಮಾತಾಡ್ಬೇಡಿ. ನಿಮ್ ದನಿ ಕೇಳಿದ್ರೇ ಹೆದರ್ಕೊಳ್ತದೆ. ಆ ಕಡೆ ಹೋಗಿ, ಅದಕ್ಕೆ ಕಾಣ್ದಂಗೆ ನಿಂತ್ಕೊಳಿ.”

ನಾನು ಹೋದೆ. ಕಾರಿನ ಹಿಂದೆ, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡವರ ಹಾಗೆ, ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಎಷ್ಟು ಮಕ್ಕಳನ್ನು ಹೀಗೆ ನಿಲ್ಲಿಸಿದ್ದೇನೋ. ಲಾರಿಗಳು ಹೋಗುತ್ತಿದ್ದವು. ಅದು ಗಾಬರಿಯಾಗಿ ರಸ್ತೆಗೆ ಹಾರಿಬಿಟ್ಟರೆ? ನಾನು ಕೆಮ್ಮಿದರೂ ಅದರ ಜೀವ ಹೋದೀತು ಎನಿಸಿತು. ಉಸಿರು ಬಿಗಿಹಿಡಿದೆ. ಹೂವಿನವಳು ತಮಿಳಿನಲ್ಲಿ ಏನೇನೋ ಗುನುಗುತ್ತಿದ್ದಳು. ಅದರಲ್ಲಿ ನನಗೆ ಒಂದು ಮಾತೂ ತಿಳಿಯಲಿಲ್ಲ, ಬೆಕ್ಕಿಗೆ ತಿಳಿಯಿತೋ ಏನೋ. ಸುಮಾರು ಹೊತ್ತಿನ ಮೇಲೆ “ಬಂತು” ಅಂದಳು. ಹೂವಿನ ಮೇಲೆ ಹೊದಿಸುವ ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದಳು. ಅದು ಅವಳ ಕಂಕುಳೊಳಗೆ ಮುಖ ಹುದುಗಿಸಿತ್ತು. ಎರಡು ವರ್ಷ ಅನ್ನ ಹಾಕಿದವಳು ಆಚೆ ನಿಂತಿದ್ದೆ.

ಅವಳೇ ಒಂದು ಮುಚ್ಚಳದ ಬುಟ್ಟಿಯೊಳಗೆ ಇಟ್ಟು ನನ್ನ ಪಕ್ಕದ ಸೀಟಿನಲ್ಲಿ ಇರಿಸಿದಳು. ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಗಂಡ. “ಎಲ್ಲಿದೀಯಾ? ಯಾಕೆ ಸುಮ್ನಿದೀಯಾ? ಮಾತಾಡೇ!” ನನ್ನ ಜೀವಮಾನದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಬುಟ್ಟಿ ನೋಡಿ, ಉತ್ತರ ಕೊಡದೆ ಫೋನ್ ಇಟ್ಟೆ.

ಆಮೇಲೆ ಬುಟ್ಟಿಯ ಹತ್ತಿರ ಬಗ್ಗಿ, ನನಗೇ ಕೇಳಿಸದಷ್ಟು ಮೆಲ್ಲಗೆ “ಬಿಡ್ತು” ಅಂದೆ.

ಒಳಗೆ ಅದು ಇನ್ನೂ ಹಿಂದಕ್ಕೆ ಸರಿದುಕೊಂಡ ಸದ್ದು ಕೇಳಿಸಿತು.