ಬಲಗಡೆಯ ಷಡ್ಜ

ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಬಡಿಗನಾಗಿದ್ದ ಕರೀಂಸಾಬ್‌ಗೆ ಓದಲು ಬರುತ್ತಿದ್ದುದು ಉರ್ದು ಒಂದೇ. ಕನ್ನಡ ಮಾತಾಡಿದನೆಂದರೆ ಅರಳು ಹುರಿದ ಹಾಗೆ, ಅಕ್ಷರ ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದ. ಹೆಂಡತಿ ರಾಜಾಬೀಯದು ತದ್ವಿರುದ್ಧ. ಅವಳು ಜವಳಗೇರಾದ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಮನೆಯಲ್ಲಿ ಇಬ್ಬರೂ ದಖನಿ ಆಡುತ್ತಿದ್ದರು, ಜಗಳ ಹತ್ತಿದರೆ ಮಾತ್ರ ಕನ್ನಡ. ಬೈಯಲು ಅದೇ ಸಲೀಸು ಅನ್ನಿ.

೧೯೮೪ರಲ್ಲಿ ಒಂದು ಬೆಳಿಗ್ಗೆ ರೇಡಿಯೊದಲ್ಲಿ ಕಾಷ್ಠತರಂಗ ಕೇಳಿ ಇವನಿಗೆ ಹುಚ್ಚು ಹಿಡಿಯಿತು. ಸಾಲಾಗಿ ಜೋಡಿಸಿದ ಕಟ್ಟಿಗೆ ಪಟ್ಟಿಗಳನ್ನು ಎರಡು ಕೋಲಿನಿಂದ ಬಾರಿಸುವ ವಾದ್ಯ ಅದು. "ಇಪ್ಪತ್ತು ವರ್ಷ ಕಟ್ಟಿಗಿ ಕೊಯ್ದೀನಿ, ಒಂದರೆ ನನ್ನ ಮುಂದ ಹಾಡೇತೇನು!" ಎಂದು ಗಿರಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಲಿಂಗಸುಗೂರಿನಲ್ಲಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮಾಸ್ತರ ತಾಯಪ್ಪನವರ ಪರಿಚಯವಿತ್ತು, ಅವರಿಗೆ ಹೇಳಿಕಳಿಸಿದ. ಮಾಸ್ತರು ಕಾಗದ ಬರೆದರು: ಎಲ್ಲಕ್ಕಿಂತ ಉದ್ದನೆಯ ಪಟ್ಟಿ ಸ, ಅದಕ್ಕಿಂತ ಗಿಡ್ಡದು ರಿ, ಹೀಗೇ ಮೇಲಿನ ಸ ತನಕ, ಬರೆದ ಸಾಲಿನಂತೆಯೇ ಜೋಡಿಸತಕ್ಕದ್ದು.

ರಾಜಾಬೀ ಓದಿದಳು, ಕರೀಂಸಾಬ್ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಹಲಗೆಯ ಮೇಲೆ ಬರೆದುಕೊಂಡ. ಬರೆದದ್ದು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ಪಟ್ಟಿಗಳನ್ನೂ ಆ ಸಾಲಿನಂತೆಯೇ ಜೋಡಿಸಿದ. ಲೋಕದ ಕಾಷ್ಠತರಂಗದಲ್ಲೆಲ್ಲ ಎಡಗಡೆ ಕೂತಿರುವ ಸ ಇವನದರಲ್ಲಿ ಬಲಗಡೆ ಹೋಗಿ ಕೂತಿತು. ತಿದ್ದಲು ಯಾರಿದ್ದರು? ಆರು ವರ್ಷ ಹಾಗೇ ಬಾರಿಸಿ ಪಳಗಿದ.

೧೯೯೦ರಲ್ಲಿ ತಾಯಪ್ಪ ಮಾಸ್ತರು ಮಸ್ಕಿಯಲ್ಲೊಂದು ನಾಟಕ ಹಿಡಿದರು, ಬಾರಿಸಲು ಇವನನ್ನೇ ಕರೆದರು. ಕರೀಂಸಾಬ್‌ಗೆ ನೆಲವೇ ಕಾಣದಷ್ಟು ಖುಷಿ. ಜನರೆದುರು ಒಮ್ಮೆ ಬಾರಿಸಬೇಕೆಂಬುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ. ಆದರೆ ಮೊದಲ ತಾಲೀಮಿನಲ್ಲಿ ಪಕ್ಕಕ್ಕೆ ಕೂತ ಮಾಸ್ತರರ ಬೆರಳು ತಡವರಿಸತೊಡಗಿದವು. ಅವರ ಕೈ ಬಲಕ್ಕೆ ಏರುತ್ತದೆ, ಇವನ ಕೈ ಎಡಕ್ಕೆ ಓಡುತ್ತದೆ.

"ಏ ಕರೀಮಾ, ಉಲ್ಟಾ ಜೋಡ್ಸೀಯಲ್ಲೋ ಮಾರಾಯ!"

"ಉಲ್ಟಾ ಹೆಂಗ್ರೀ? ನೀವು ಬರದಂಗ ಜೋಡ್ಸೀನಿ."

"ನಿನ್ನ ಕೈ ನೋಡಿದ್ರ ನನ್ನ ಕೈ ದಾರಿ ತಪ್ಪತೈತಿ. ಹದಿನೈದು ದಿನದಾಗ ಸೀದಾ ಮಾಡ್ಕೊಂಡು ಬಾ. ಇಲ್ಲಾಂದ್ರ ಬ್ಯಾರೆಯವ್ರನ್ನ ಕರಸ್ತೀನಿ."

ಮನೆಗೆ ಬಂದು ವಾದ್ಯವನ್ನು ಹಿಂದುಮುಂದಾಗಿ ತಿರುಗಿಸಿಟ್ಟ. ಸೀದಾ ಆಯಿತು, ಬಿಡಿ. ಕೈ ಕೇಳಬೇಕಲ್ಲ! ಸ ಎಂದು ಬಡಿದರೆ ಮೇಲಿನ ಸ, ರಿ ಎಂದರೆ ನಿ. ತಲೆ ಕೆಟ್ಟು ಗೊಬ್ಬರವಾಯಿತು. ಗಿರಣಿಯಲ್ಲಿ ಬಾಗಿಲ ಚಿಲಕವನ್ನು ಕೀಲಿನ ಕಡೆಗೆ ಹೊಡೆದು ಬೈಸಿಕೊಂಡ. ಚಪ್ಪಲಿಯ ಎಡ ಯಾವುದು, ಬಲ ಯಾವುದು ಎಂದು ನಿಂತು ಯೋಚಿಸುವ ಗತಿ ಬಂತು. ಹತ್ತು ದಿನ ಕಳೆದರೂ ಹಳೆಯದೂ ಬರಲೊಲ್ಲದು, ಹೊಸದೂ ಹತ್ತಲೊಲ್ಲದು.

"ಹೋತು ನನ್ನ ಮಸ್ಕಿ" ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ರಾಜಾಬೀಗೆ ಸಿಟ್ಟು ಬಂತು, ಕನ್ನಡವೂ ಬಂತು. "ಅಯ್ಯ, ನಿಮ್ಮ ಬುದ್ಧಿಗೆ ಏನ್ ಹಿಡದೈತಿ! ಮೊದಲಿದ್ದಂಗ ಇಡ್ರಿ ಅದನ್ನ. ಮಾಸ್ತರ ಪಕ್ಕಕ್ಕ ಕೂಡಬ್ಯಾಡ್ರಿ, ಎದುರಿಗೆ ಕೂಡ್ರಿ. ಎದುರಿಗೆ ಕುಂತೋರಿಗೆ ಅದು ಸೀದಾನೇ ಕಾಣತೈತಿ."

ಕರೀಂಸಾಬ್‌ಗೆ ಅರ್ಥವಾಗಲಿಲ್ಲ. ಆದರೂ ವಾದ್ಯವನ್ನು ಮೊದಲಿನಂತಿಟ್ಟು, ಉಳಿದ ಐದು ದಿನ ಹಳೆಯ ಕೈ ಕೂಡಿಸಿಕೊಂಡು, ಮಸ್ಕಿಗೆ ಹೋಗಿ ಮಾಸ್ತರರಿಗೆ ಎದುರಾಗಿ, ಜನಕ್ಕೆ ಬೆನ್ನು ಮಾಡಿ ಕೂತ. ಇಬ್ಬರ ಕೈಯೂ ಒಂದೇ ದಿಕ್ಕಿಗೆ ಓಡಿದವು. ನಾಟಕ ಮುಗಿದಾಗ ಮಾಸ್ತರು ಬೆನ್ನು ತಟ್ಟಿ, "ಮುಂದಿನ ಆಟಕ್ಕೂ ನೀನೇ" ಎಂದರು.

ಬಸ್ಸಿಳಿದವನೇ ಹೆಂಡತಿಯ ಮುಂದೆ ವಾದ್ಯ ಇಟ್ಟು ಕೇಳಿದ. "ಎದುರಿಗೆ ಕುಂತ್ರ ಸೀದಾ ಅಂತ ನಿನಗ್ಯಾಂಗ ಗೊತ್ತಾತು?"

ರಾಜಾಬೀ ಅವನ ಎದುರಿಗೆ, ವಾದ್ಯದ ಆಚೆ ಬದಿಗೆ ಕೂತು, ಕೋಲು ತೆಗೆದುಕೊಂಡು, ಅವನು ಮನೆಯಲ್ಲಿ ತಾಲೀಮು ಮಾಡಿ ಮಸ್ಕಿಯಲ್ಲಿ ಬಾರಿಸಿದ್ದನ್ನೇ ಮೊದಲಿಂದ ಕಡೆಯತನಕ ಬಾರಿಸಿದಳು. ಅವನು ಎರಡು ಕಡೆ ತಪ್ಪಿದ್ದ, ಇವಳು ಎಲ್ಲೂ ತಪ್ಪಲಿಲ್ಲ.

"ಯಾವಾಗಿಂದ?"

"ನೀವು ಗಿರಣಿಗೆ ಹ್ವಾದಮ್ಯಾಲೆ, ದಿನಾ, ಈ ಕಡೆ ಕುಂತು, ಕಾಗದದಾಗ ಬರದಂಗ. ನಾಕನೇ ವರ್ಷ ಇದು."

ಕರೀಂಸಾಬ್‌ಗೆ ಹೆಮ್ಮೆಯಾಯಿತು, ಹೊಟ್ಟೆಯೂ ಉರಿಯಿತು, ನಾಚಿಕೆಯೂ ಆಯಿತು. ಯಾವುದು ಮೊದಲು ಬಂತೆಂದು ಅವನಿಗೇ ತಿಳಿಯಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದ, ಮತ್ತೆ ಹೋಗಿ ಕುಡಿದ.

ಎಂಟು ದಿನದ ಮೇಲೆ ತಾಯಪ್ಪ ಮಾಸ್ತರು ತಾವೇ ಗಿರಣಿಗೆ ಬಂದರು. ವಳಕಮದಿನ್ನಿಯಲ್ಲಿ ಆಟವಿತ್ತು. ಸುತ್ತ ಹಮಾಲರೆಲ್ಲ ನಿಂತಿದ್ದರು.

"ಬರ್ತೀನ್ರೀ," ಎಂದ ಕರೀಂಸಾಬ್. "ಆದ್ರ ನನಗಿಂತ ಚಲೋ ಬಾರಸೋರು ಒಬ್ರು ಅದಾರ."

"ಈ ಊರಾಗ? ಯಾರಪಾ ಅವ್ರು?"

ಮದುವೆಯಾಗಿ ಹದಿನೆಂಟು ವರ್ಷ. ಹೆಂಡತಿಯ ಹೆಸರನ್ನು ಗಂಡ ನಾಲ್ಕು ಜನರೆದುರು ಹೇಳುವ ರೂಢಿ ಅವರಲ್ಲಿ ಇರಲಿಲ್ಲ. 'ಮನ್ಯಾಗಿನೋರು' ಎಂದೇ ದಾಟಿಸಿಕೊಂಡು ಬಂದಿದ್ದ. ಈಗಲೂ ಅದೇ ಮಾತು ತುದಿನಾಲಿಗೆಗೆ ಬಂತು. ಹಮಾಲರು ನೋಡುತ್ತಿದ್ದರು. ಅವನ ಕಿವಿ ಕೆಂಪಾದವು.

"ರಾಜಾಬೀ," ಎಂದ.