ಕಟ್ಟಿಗೆಯ ಹಾಳೆಗೆ ಇಸ್ತ್ರಿ ಹಾಕುವ ಹುಲಗಮ್ಮ

ರಾತ್ರಿಯೆಲ್ಲ ಜಿನುಗಿದ ಮಳೆ ಬೆಳಗಿನ ಐದಕ್ಕೆ ನಿಂತಿದೆ. ಗಂಗಾವತಿಯ ಮೇಲೆ ಮೋಡ ಇನ್ನೂ ಕರಗಿಲ್ಲ. ಕಾಲುವೆ ಕಡೆಯಿಂದ ಬೀಸುವ ಗಾಳಿಯಲ್ಲಿ ನೆನೆದ ಭತ್ತದ ಗದ್ದೆಯ ವಾಸನೆ ಇದೆ. ತಗಡಿನ ಅಂಗಡಿಯ ಬಾಗಿಲು ತೆರೆದ ಹುಲಗಮ್ಮ ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಕೈಮುಗಿದು, ಆಮೇಲೆ ಮೊದಲು ನೋಡುವುದು ತಟ್ಟೆಯಲ್ಲಿಟ್ಟ ಹರಳುಪ್ಪನ್ನು. ಉಪ್ಪು ಬೆವೆತಿದೆ.

“ಉಪ್ಪು ನೀರೊಡದ್ರ ಅಂಟು ಮುಟ್ಟಂಗಿಲ್ರಿ. ಗಾಳ್ಯಾಗ ಹಸಿ ಐತಿ ಅಂತ ತಿಳ್ಕೋಬೇಕು. ಇಂಥಾ ಹೊತ್ತಿನ್ಯಾಗ ಹಚ್ಚಿದ್ರ ಕಟ್ಟಿಗಿ ಹಾಳಿ ನಾಳಿಗೆ ಹಪ್ಪಳದಂಗ ಏಳತೈತಿ,” ಎನ್ನುತ್ತಾ ಅವರು ಬಿಸಿಲಿಗಾಗಿ ಕಾಯುತ್ತ ಕೂರುತ್ತಾರೆ.

ಐವತ್ನಾಲ್ಕರ ಹುಲಗಮ್ಮನವರ ಕಸುಬಿಗೆ ಊರಲ್ಲಿ ಹೆಸರಿಲ್ಲ. ಮನೆಯಲ್ಲೇ ಸ್ಪೀಕರ್ ಕಟ್ಟಿಕೊಳ್ಳುವ ಹುಚ್ಚಿನವರು, ಭಜನಾ ಮಂಡಳಿಯವರು ಪ್ಲೈವುಡ್ಡಿನ ಬೋಳು ಪೆಟ್ಟಿಗೆ ತಂದಿಡುತ್ತಾರೆ. ಸಾಗವಾನಿ, ಬೀಟೆ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆಯನ್ನು ಅದರ ಮೈಗೆ ಅಂಟಿಸಿ, ಇಡೀ ಪೆಟ್ಟಿಗೆ ಒಂದೇ ದಿಮ್ಮಿಯಲ್ಲಿ ಕಡೆದಂತೆ ಕಾಣಿಸುವುದು ಇವರ ಕೆಲಸ. ಪೇಟೆಯವರು ಅದನ್ನು ವೆನಿಯರ್ ಅನ್ನುತ್ತಾರೆ, ಹುಲಗಮ್ಮನವರಿಗೆ ಅದು ‘ಕಟ್ಟಿಗಿ ಹಾಳಿ’. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಿಂದಲೂ ಪೆಟ್ಟಿಗೆಗಳು ಬರುತ್ತವೆ. ವಾರಕ್ಕೆ ಮೂರು ಜೋಡಿ. ಒಂದು ಪೆಟ್ಟಿಗೆಗೆ ಐದು ಮೈ, ಒಂದೊಂದು ಮೈಗೆ ಎರಡು ಸಲ ಅಂಟು, ನಾಲ್ಕು ಸಲ ಇಸ್ತ್ರಿ. ಕೊನೆಗೆ ಉಗುರಿನಿಂದ ಇಂಚಿಂಚು ತಟ್ಟಿ ಕೇಳುವುದು. ಹಾಳೆ ಕೂತ ಕಡೆ ಗಟ್ಟಿ ಸದ್ದು, ಕೂರದ ಕಡೆ ಟೊಳ್ಳು. ಸ್ಪೀಕರು ಹಾಡತೊಡಗಿದ ಮೇಲೆ ಪೆಟ್ಟಿಗೆ ಮಾಡಿದವನನ್ನು ಹೊಗಳುತ್ತಾರೆ, ತಂತಿ ಕೂಡಿಸಿದವನನ್ನು ಹೊಗಳುತ್ತಾರೆ. ಮೈ ಸವರಿದ ಕೈ ಯಾರ ನೆನಪಿಗೂ ಬರುವುದಿಲ್ಲ.

ಇವರು ತಳಕಲ್ಲಿನ ಹೆಣ್ಣುಮಗಳು. ಅಕ್ಕಿ ಮಿಲ್ಲಿನ ಹಮಾಲರೊಬ್ಬರನ್ನು ಮದುವೆಯಾಗಿ ಗಂಗಾವತಿಗೆ ಬಂದು, ಇದೇ ಅಂಗಡಿಯಲ್ಲಿ ಇಪ್ಪತ್ತು ವರ್ಷ ಬಟ್ಟೆಗೆ ಇಸ್ತ್ರಿ ಹಾಕಿದರು. ಪಕ್ಕದಂಗಡಿಯ ಬಡಿಗ ಖಲಂದರ ಒಂದು ದಿನ ಹಾಳೆ ಉಬ್ಬಿದ ಪೆಟ್ಟಿಗೆ ಹೊತ್ತು ತಂದರು.

“ಯಕ್ಕಾ, ಇದರ ಮೈಮ್ಯಾಲ ಒಂದೀಟು ನಿನ್ನ ಇಸ್ತ್ರಿ ಆಡಸು. ಗಿರಾಕಿ ಬಂದು ಬೈಯಾಕತ್ಯಾನ.”

“ಇದರ ಕಾಲರ್ ಎಲ್ಲೈತೋ?” ಎಂದು ನಕ್ಕ ಹುಲಗಮ್ಮ, ಹಳೆ ಧೋತರದ ತುಂಡು ಹಾಸಿ ಕೆಂಡದ ಇಸ್ತ್ರಿ ಎಳೆದರು. ಒಣಗಿದ ಅಂಟು ಶಾಖಕ್ಕೆ ಕರಗಿ ಹಾಳೆಯನ್ನು ಮತ್ತೆ ಅಪ್ಪಿಕೊಂಡಿತು. ಹನ್ನೆರಡು ವರ್ಷದ ಹಿಂದಿನ ಮಾತದು. ಬಟ್ಟೆ ಬಿಟ್ಟುಹೋಯಿತು, ಕಟ್ಟಿಗೆ ಉಳಿಯಿತು. ಅಂಟು ಆರುವ ಮೊದಲೇ ಅವಸರಪಟ್ಟು ಮೊದಲ ವರ್ಷ ಒಂಬತ್ತು ಪೆಟ್ಟಿಗೆ ಕೆಡಿಸಿದ್ದನ್ನೂ ಅವರು ಮುಚ್ಚಿಡುವುದಿಲ್ಲ. ಸುಟ್ಟು ಸುಟ್ಟು ಬಲಗೈ ಹೆಬ್ಬೆರಳಿಗೆ ಈಗ ಬಿಸಿಯೇ ತಿಳಿಯುವುದಿಲ್ಲ. ಬಿಸಿ ನೋಡುವುದೇನಿದ್ದರೂ ಎಡಗೈ.

ಅವರ ಜೀವ ಮಾತ್ರ ಒಂದು ಜೋಡಿಯ ಸುತ್ತ ತಿರುಗುತ್ತಿದೆ. ಒಮ್ಮೆ ಒಂದೇ ಸಾಗವಾನಿ ದಿಮ್ಮಿಯ ಹಾಳೆಗಳ ಕೆಲಸ ಬಂದಿತ್ತು. ಉಳಿದ ಪಟ್ಟಿಗಳನ್ನು ಕೇಳಿ ಪಡೆದರು. ದಿನದ ಕೆಲಸ ಮುಗಿದ ಮೇಲೆ ಒಂದೋ ಎರಡೋ ಪಟ್ಟಿಯಂತೆ ಗೆರೆಗೆ ಗೆರೆ ಕೂಡಿಸಿ, ಖಲಂದರ ಮಾಡಿಕೊಟ್ಟ ಎರಡು ಪೆಟ್ಟಿಗೆಗೆ ಹೊದಿಸಿದರು. ಎಂಬತ್ಮೂರು ಪಟ್ಟಿ ಹಿಡಿಯಿತು. ಎರಡನ್ನೂ ಒತ್ತಿಟ್ಟರೆ ಒಂದರ ಗೆರೆ ಇನ್ನೊಂದಕ್ಕೆ ದಾಟುತ್ತಿತ್ತು, ಗದ್ದೆಯ ಮಡಿಯಿಂದ ಮಡಿಗೆ ನೀರು ಹರಿದಂತೆ. ಒಳಗೆ ಸ್ಪೀಕರು ಕೂರಿಸಿ, ಮನೆಯ ಎರಡು ಮೂಲೆಗೆ ಇಟ್ಟು, ಹೆಂಗಸೊಬ್ಬಳು ಹಾಡಿದ ತತ್ವಪದ ಹಚ್ಚಿದ ಸಂಜೆಯನ್ನು ನೆನೆಯುವಾಗ ಅವರ ದನಿ ತಗ್ಗುತ್ತದೆ.

“ಪೆಟಿಗಿ ಆ ಕಡೆ ಒಂದು, ಈ ಕಡೆ ಒಂದು. ದನಿ ಮಾತ್ರ ನಡುವ ನಿಂತಿತ್ರಿ, ಗ್ವಾಡಿ ಮುಂದ. ನಮ್ಮವ್ವ ಬೀಸಕೋತ ಹಾಡಿದಂಗ. ಹಾಡಾಕಿ ಕುಂದರ್ಲಿ ಅಂತ ಚಾಪಿ ಹಾಸಿದ್ದೆ, ನಮ್ಮನಿಯವ್ರು ನಕ್ಕರು. ಒಂದ ಪೆಟಿಗಿ ಇದ್ರ ದನಿ ಅದರಾಗ ಉಳಿತೈತಿ. ಹೊರಗ ಬಂದು ನಿಂದ್ರಂಗಿಲ್ಲ.”

ಹನ್ನೊಂದು ದಿನ ಕೇಳಿದರು, ಅಷ್ಟೇ. ಹತ್ತಿರದ ಮರಳಿ ಎಂಬ ಹಳ್ಳಿಯ ಭಜನಾ ಮಂಡಳಿಯವರು ಶ್ರಾವಣ ಮಾಸದ ಮಟ್ಟಿಗೆಂದು ಜೋಡಿಯನ್ನು ಕೇಳಿ ಒಯ್ದರು. ಪದವನ್ನು ಮೊದಲು ಯಾರು ಎತ್ತಬೇಕೆಂಬ ಜಗಳಕ್ಕೆ ಶ್ರಾವಣ ಮುಗಿಯುವುದರೊಳಗೆ ಮಂಡಳಿಯೇ ಎರಡಾಯಿತು. ಪೆಟ್ಟಿಗೆಗಳೂ ಒಂದೊಂದು ಕಡೆ ಹೋದವು. ಒಂದು ತಂಡ ತನ್ನದನ್ನು ತಂದುಕೊಟ್ಟಿತು. ಕರಿಬಸಪ್ಪ ಎಂಬ ಹಿರಿಯರ ತಂಡ ಕೊಡಲಿಲ್ಲ.

ಮೂರು ವರ್ಷವಾಯಿತು. ಪೆಟ್ಟಿಗೆಯನ್ನು ವಾಪಸ್ ಕೇಳಲೆಂದೇ ಹುಲಗಮ್ಮ ಒಮ್ಮೆ ಮರಳಿಗೆ ಹೋಗಿದ್ದರು. ಆಯುಧಪೂಜೆಯ ಮರುದಿನ. ಗುಡಿಯ ಕಟ್ಟೆಯ ಮೇಲೆ ಅವರ ಪೆಟ್ಟಿಗೆ ಮೂರೆಳೆ ವಿಭೂತಿ ಧರಿಸಿ, ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿತ್ತು. ಕಾಯಿ ಒಡೆಸಿಕೊಂಡು ತಿರುಗಿ ಬಂದರು.

“ಪೂಜಿ ಆದದ್ದನ್ನ ನಂದು ಅಂತ ಹ್ಯಾಂಗ ಅನ್ಲಿ? ದೇವರ ಕೂಡ ಜಗ್ಗಾಡಾಕ ಆಕ್ಕೈತೇನ್ರಿ?”

ಅತ್ತ ಮರಳಿಯಲ್ಲಿ, ಆಕೆ ಅದನ್ನು ದೇವರಿಗೇ ಕೊಟ್ಟಳೆಂಬ ಮಾತು ಹಬ್ಬಿತು.

ಆ ಪೆಟ್ಟಿಗೆ ಈಗ ಇದೇ ಅಂಗಡಿಯಲ್ಲಿದೆ. ಮಳೆಯ ಎರಚಲಿಗೆ ನೆನೆದು ಒಂದು ಮೂಲೆಯ ಹಾಳೆ ಎದ್ದಿದೆ. ಕರಿಬಸಪ್ಪನವರ ಹೆಂಡತಿ ಬಸವಣ್ಣೆಮ್ಮ ನಿನ್ನೆ ಸಂಜೆ ಆಟೊದಲ್ಲಿ ತಂದಿಟ್ಟು, “ನಾಳಿ ಸಂಜಿಗೆ ಒಯ್ತೀನಿ, ಅಮಾಸಿ ಭಜನಿ ಐತಿ,” ಎಂದು ಹೇಳಿ ಹೋಗಿದ್ದಾರೆ.

ಚಹಾದ ಲೋಟ ಹಿಡಿದು ಬಂದ ಖಲಂದರ ಸುಮ್ಮನಿರುವವರಲ್ಲ. “ಅಲ್ಲಾನ ಕಳಿಸ್ಯಾನ ನೋಡಕ್ಕಾ, ಬಿಡಬ್ಯಾಡ. ಇನ್ನೂ ಒಣಗಿಲ್ಲ, ಇನ್ನೂ ಒಣಗಿಲ್ಲ ಅಂತ ದೀಪಾವಳಿ ತನಕ ತಳ್ಳು.”

“ನಿನ್ನಂಗ ನಾಳಿ ನಾಳಿ ಅನ್ನಾಕ ನನಗ ಬರಂಗಿಲ್ಲಪಾ. ರಿಪೇರಿಗೆ ಬಂದದ್ದು ರಿಪೇರಿ ಆಗಿ ಹೋಗಬೇಕು.”

“ಹಂಗಾರ ಕೆಟ್ಟದಾಗಿ ಹಚ್ಚು. ಬ್ಯಾಡಂತ ಅವರ ಬಿಟ್ಟು ಹೊಕ್ಕಾರ.”

“ನನ್ನ ಕೈ ಕೇಳಬೇಕಲ್ಲೋ ಮಾರಾಯ!”

ಹತ್ತರ ಹೊತ್ತಿಗೆ ಬಿಸಿಲು ಬೀಳುತ್ತದೆ. ಎದ್ದ ಹಾಳೆಯನ್ನು ಗೆರೆಯುದ್ದಕ್ಕೆ ಬ್ಲೇಡಿನಿಂದ ಸೀಳಿ ತೆಗೆದ ಹುಲಗಮ್ಮ, ಆ ದಿಮ್ಮಿಯದೇ ಆದ ಕಟ್ಟಕಡೆಯ ಪಟ್ಟಿಯನ್ನು ಪತ್ರೆಯಂತೆ ಜೋಪಾನವಾಗಿ ಡಬ್ಬಿಯಿಂದ ಎತ್ತುತ್ತಾರೆ. ಗೆರೆ ಎತ್ತ ಹರಿಯಬೇಕೆಂದು ತಿಳಿಯಬೇಕಾದರೆ ಜೊತೆಯ ಪೆಟ್ಟಿಗೆ ಬೇಕು. ಮನೆಗೆ ಹೋಗಿ, ಅದನ್ನು ಸೊಂಟಕ್ಕೇರಿಸಿ ತಂದು, ಪಕ್ಕಕ್ಕೆ ಒತ್ತಿಡುತ್ತಾರೆ. ಮೂರು ವರ್ಷದ ಮೇಲೆ ಎರಡೂ ಮೈಗೆ ಮೈ ತಾಗಿವೆ. ಅಂಟು ಹಚ್ಚಿ, ಆರಿಸಿ, ಧೋತರ ಹಾಸಿ, ಇಸ್ತ್ರಿ ಎಳೆಯುತ್ತಾರೆ. ಉಗುರು ತಟ್ಟಿದಲ್ಲೆಲ್ಲ ಗಟ್ಟಿ ಸದ್ದು.

“ತಂತಿ ಹಚ್ಲೇನು? ಒಂದ ಪದ ಕೇಳು,” ಎನ್ನುತ್ತಾರೆ ಖಲಂದರ. ಈಗ ಅವರ ಮಾತಿನಲ್ಲಿ ಚೇಷ್ಟೆ ಇಲ್ಲ.

“ಬ್ಯಾಡೋ ತಮ್ಮಾ. ಕೇಳಿಬಿಟ್ರ ಕಳಸಾಕ ಆಗಂಗಿಲ್ಲ.”

ಸಂಜೆ ಐದಕ್ಕೆ ಬಂದ ಬಸವಣ್ಣೆಮ್ಮ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಒಂದು ಪೆಟ್ಟಿಗೆಗೆಂದು ಬಂದವರ ಕಣ್ಣಿಗೆ ಎರಡು ಕಂಡಿವೆ. ಹತ್ತಿರ ಹೋಗಿ ಒಂದು ಗೆರೆಯ ಮೇಲೆ ಬೆರಳಿಡುತ್ತಾರೆ. ಬೆರಳು ಎಲ್ಲಿಯೂ ತಡೆಯದೆ ಇನ್ನೊಂದು ಪೆಟ್ಟಿಗೆಗೆ ದಾಟುತ್ತದೆ.

“ಯಕ್ಕಾ, ನಮ್ಮ ಹಂತ್ಯಾಕ ಇದ್ದದ್ದು ಅರ್ಧ ಏನು?”

“ಜೋಡಿ ಅದಾವ ಯವ್ವಾ.”

“ನೀ ದೇವರಿಗೆ ಕೊಟ್ಟೀದಿ ಅಂದಿದ್ರು ನಮ್ಮನಿಯಾಗ.”

ಹುಲಗಮ್ಮ ಇಸ್ತ್ರಿಯ ಬೂದಿ ಝಾಡಿಸುತ್ತಾರೆ. “ಶ್ರಾವಣಕ್ಕ ಕೊಟ್ಟಿದ್ದೆ,” ಎನ್ನುತ್ತಾರೆ, ಅಷ್ಟೇ.

ಹೊರಗೆ ಆಟೊದವನು ಹಾರ್ನ್ ಒತ್ತುತ್ತಾನೆ. ಬಸವಣ್ಣೆಮ್ಮ ಸೆರಗು ತಲೆಗೆಳೆದು, ತಾವು ತಂದ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಎತ್ತುತ್ತಾರೆ. ಎತ್ತಿದವರು ಬಾಗಿಲ ಕಡೆ ತಿರುಗುವುದಿಲ್ಲ.

“ಅಮಾಸಿ ಭಜನಿ ಐತಲ್ಲ?” ಎನ್ನುತ್ತಾರೆ ಹುಲಗಮ್ಮ.

“ತಾಳ ಅದಾವ, ಬಾಯಿ ಅದಾವ. ಹಾಡ್ತೀವಿ, ಹಿಡಿ.”

ಬಸವಣ್ಣೆಮ್ಮ ಪೆಟ್ಟಿಗೆಯನ್ನು ಹುಲಗಮ್ಮನವರ ತೋಳಿಗೆ ಮೆಲ್ಲಗೆ ಇಳಿಸುತ್ತಾರೆ.