ಅಮ್ಮನಿಗೆ ಗೊತ್ತಿದ್ದ ಟೈ ರಾಡ್ ಎಂಡ್

ನಮ್ಮ ಕಡೆ ಕಾರಿನ ಸ್ಟೇರಿಂಗಿಗೆ ಏನೇ ಆಗಲಿ, ಮದ್ದು ಒಂದೇ: ಚಕ್ರಗಳ ಅಲೈನ್‌ಮೆಂಟ್. ಬೆಳುವಾಯಿಯ ಮನೆಯಿಂದ ಲಾಯಿಲದ ಶಾಲೆಗೆ ಕಲಿಸಲು ದಿನಾ ಕಾರು ಓಡಿಸಿಕೊಂಡು ಹೋಗುವ ಅಮ್ಮ, ವೇಣೂರಿನ ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ಒಂದು ಕಡೆ ಎಳೆಯುತ್ತದೆ ಎಂದಾಗ ಅಪ್ಪ ಮೂಡಬಿದಿರೆಯಲ್ಲಿ ಅದನ್ನೇ ಮಾಡಿಸಿದರು. ಎರಡು ಸಲ. ಅಮ್ಮ ಮೂರನೆಯ ಸಲ ದೂರಿದಾಗ ತೀರ್ಪು ಬದಲಾಯಿತು.

"ಕಾರಿಗೆ ಏನೂ ಆಗ್ಲಿಲ್ಲ. ನಿನ್ನ ಕೈಯೇ ಸರಿ ಇಲ್ಲ. ಸೋಮವಾರದಿಂದ ಬಸ್ಸಲ್ಲಿ ಹೋಗು. ಕಾರು ಮಾರಿಬಿಡುವ."

ಮಿಜಾರಿನ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಆಧಾರವಿಲ್ಲದ ತೀರ್ಪನ್ನು ಹಾಗೇ ಬಿಡುವುದು ನನ್ನಿಂದಾಗದು.

"ಎರಡು ಸಲ ಸರಿಮಾಡಿದ್ದು ಎರಡು ಸಲವೂ ಕೆಟ್ಟಿತು. ಅಂದ್ರೆ ಒಳಗೆ ಏನೋ ಸಡಿಲ ಉಂಟು. ಅದಕ್ಕೆ ಅಮ್ಮನ ಕೈ ಹೇಗೆ ಕಾರಣ ಆಗ್ತದೆ?"

"ಭಾಷಣ ಸ್ಟೇಜಲ್ಲಿ ಮಾಡು ಮಾರಾಯ್ತಿ."

ಶನಿವಾರ ಮಧ್ಯಾಹ್ನ ಮೂವರೂ ವೇಣೂರಿನ ಗ್ಯಾರೇಜಿಗೆ ಹೋದೆವು. ನಾನು ಓದಿಕೊಂಡೇ ಹೋಗಿದ್ದೆ. ಸ್ಟೇರಿಂಗಿನಿಂದ ಬರುವ ಸರಳನ್ನು ಚಕ್ರಕ್ಕೆ ಸೇರಿಸುವ ಕೀಲೇ ಟೈ ರಾಡ್ ಎಂಡ್. ಅದು ಸವೆದರೆ ಚಕ್ರ ಹೇಳಿದ ಮಾತು ಕೇಳುವುದಿಲ್ಲ. "ಎಡಗಡೆಯದ್ದೇ ಹೋಗಿದೆ, ಆ ಕಡೆಯ ಟಯರೇ ಹೆಚ್ಚು ಸವೆದದ್ದು," ಎಂದು ವಾದ ಮಂಡಿಸಿದೆ.

ಮೆಕ್ಯಾನಿಕ್ ನಕ್ಕರು. "ಹೇಳುವುದು ಯಾಕೆ ತಂಗಿ? ಹಿಡಿದು ನೋಡುವ."

ಜ್ಯಾಕ್ ಕೊಟ್ಟು ಎತ್ತಿದ ಚಕ್ರದ ಎರಡೂ ಬದಿ ಹಿಡಿದು ಅಲುಗಾಡಿಸಿದೆ. ಕಲ್ಲಿನ ಹಾಗೆ ಗಟ್ಟಿ.

"ಬಲಗಡೆ ನೋಡಿ," ಅಮ್ಮ ಹಿಂದಿನಿಂದ ಹೇಳಿದಳು. "ಹೊಂಡ ಬಂದಾಗೆಲ್ಲ ನನ್ನ ಕಾಲಿನ ಹತ್ತಿರ ಟಕ್ ಅಂತದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದರು ಅಪ್ಪ.

"ಅಪ್ಪನೂ ಮಗಳೂ ಮಾತು ನಿಲ್ಲಿಸಿದ್ರಲ್ವಾ ನಾನು ಹೇಳುವುದು!"

ಮೆಕ್ಯಾನಿಕ್ ಬಲಗಡೆಯ ಚಕ್ರವನ್ನು ಅಪ್ಪನ ಕೈಗೇ ಕೊಟ್ಟರು. ಅಪ್ಪ ಅಲುಗಾಡಿಸಿದರು. ಟಕ್. ನಂಬಿಕೆಯಾಗದೆ ಇನ್ನೊಮ್ಮೆ. ಟಕ್. ಒಳಗೆ ಕೀಲಿನ ರಬ್ಬರ್ ಹರಿದು, ಗ್ರೀಸ್ ಒಣಗಿ, ಮಣ್ಣು ತುಂಬಿತ್ತು.

"ಇದು ಹೀಗೆ ಇರುವಾಗ ಅಲೈನ್‌ಮೆಂಟ್ ಎಷ್ಟು ಮಾಡಿದ್ರೂ ನಿಲ್ಲುದಿಲ್ಲ," ಎಂದರು ಮೆಕ್ಯಾನಿಕ್. "ಈ ಅಕ್ಕ ಇದನ್ನು ರಸ್ತೆಯಲ್ಲಿ ಹಿಡಿದಿಟ್ಟದ್ದೇ ದೊಡ್ಡದು. ಒಳ್ಳೆ ಕೈ."

ನನ್ನ ವಾದ ಅರ್ಧ ಸೋತಿತ್ತು. ಆದರೂ ಯಾವ ಸ್ಪರ್ಧೆಯಲ್ಲಿ ಗೆದ್ದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಹಳೆಯದನ್ನು ಸುತ್ತಿಗೆಯಿಂದ ಬಡಿದು ಸಡಿಲಿಸಿ ತಿರುಗಿಸುವಾಗ ಮೆಕ್ಯಾನಿಕ್, "ಸುತ್ತು ಲೆಕ್ಕ ಇಡಿ, ಹೊಸತನ್ನೂ ಅಷ್ಟೇ ಸುತ್ತು ಹಾಕ್ಬೇಕು," ಎಂದರು. ಅಳತೆಪಟ್ಟಿ ಯಾಕೆ ಹಿಡಿಯಬಾರದು ಎಂದು ಕೇಳುತ್ತಾ ನಾನು ಹನ್ನೊಂದರಲ್ಲೇ ತಪ್ಪಿದೆ. ಅಮ್ಮ ತಪ್ಪಲಿಲ್ಲ. "ಹತ್ತೊಂಬತ್ತು," ಎಂದಳು. ಹೊಸತೂ ಹತ್ತೊಂಬತ್ತನೆಯ ಸುತ್ತಿನಲ್ಲಿ ಕೂತಿತು. ನಟ್ಟು ಬಿಗಿಯಾಯಿತು.

"ಈಗ ಗುರುವಾಯನಕೆರೆಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿ, ನಿಲ್ತದೆ," ಎಂದರು ಮೆಕ್ಯಾನಿಕ್. ಅಭ್ಯಾಸಬಲದಿಂದ ಅಪ್ಪ ಕೈ ಚಾಚಿದರು. ಮೆಕ್ಯಾನಿಕ್ ಕೀಲಿಯನ್ನು ಅಮ್ಮನಿಗೆ ಕೊಟ್ಟರು.

ಅಪ್ಪ ಹಿಂದಿನ ಸೀಟಿನಲ್ಲಿ ಕೂತರು. ಅಮ್ಮ ಊರು ದಾಟಿ, ಹೊಂಡ ಹಾರಿಸಿ, ತಿರುವು ತೆಗೆದುಕೊಂಡಳು. ಕಾರು ಗೆರೆ ಎಳೆದಂತೆ ಹೋಯಿತು. ಹಿಂದಿನಿಂದ ಅಪ್ಪನ ದನಿ ಮೆಲ್ಲಗೆ ಕೇಳಿಸಿತು:

"ಸೋಮವಾರ ನನಗೂ ನಿನ್ನ ಶಾಲೆಯ ಹತ್ತಿರ ಬೆಳ್ತಂಗಡಿಯಲ್ಲಿ ಕೆಲಸ ಉಂಟು. ಕರ್ಕೊಂಡು ಹೋಗ್ತೀಯಾ?"

"ಎಂಟಕ್ಕೆ ಹೊರಡ್ತೇನೆ," ಎಂದಳು ಅಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ನಾನು ಕಾಯುವುದಿಲ್ಲ."